ಡ್ರೋನ್ ಕಣ್ಣಿಗೆ ತಂತಿ ಏಕೆ ಕಾಣದು?

ಎದುರಿನ ಅಡ್ಡಿಯನ್ನು ತಾನೇ ಗುರುತಿಸಿ ನಿಲ್ಲುವ, ಇಲ್ಲವೇ ಬಳಸಿ ಸಾಗುವ ಕ್ಯಾಮೆರಾ ಡ್ರೋನ್‌ಗಳು ಈಗ ಅಪರೂಪವಲ್ಲ. 2016ರಲ್ಲಿ ಬಂದ ಡಿಜೆಐ ಕಂಪನಿಯ ಫ್ಯಾಂಟಮ್ 4 ಮುಂದಿನ ಅಡ್ಡಿಯನ್ನಷ್ಟೇ ಗುರುತಿಸುತ್ತಿತ್ತು. 2023ರ ಮಿನಿ 4 ಪ್ರೊ 250 ಗ್ರಾಂಗಿಂತ ಹಗುರವಾಗಿದ್ದೂ ಎಲ್ಲ ದಿಕ್ಕುಗಳ ಮೇಲೆ ಕಣ್ಣಿಡುತ್ತದೆ. ಹಾಗಿದ್ದೂ ಡ್ರೋನ್‌ಗಳು ತಂತಿಗೆ, ಒಣಗಿದ ಕೊಂಬೆಗೆ ಸಿಕ್ಕಿ ಬೀಳುತ್ತವೆ. ಕಾರಣ ಅವು ನೋಡುವ ಬಗೆಯಲ್ಲೇ ಇದೆ.

ಮುಖದ ಮುಂದೆ ಬೆರಳು ಹಿಡಿದು ಒಂದೊಂದೇ ಕಣ್ಣು ಮುಚ್ಚಿ ನೋಡಿ. ಬೆರಳು ಪಕ್ಕಕ್ಕೆ ಜಿಗಿದಂತೆ ಕಾಣುತ್ತದೆ. ದೂರದ ಮರ ಅಷ್ಟು ಜಿಗಿಯದು. ಡ್ರೋನ್‌ನ ಜೋಡಿ ಕ್ಯಾಮೆರಾಗಳು ನಂಬಿರುವುದು ಇದೇ ವ್ಯತ್ಯಾಸವನ್ನು. ಒಂದು ಚಿತ್ರದ ಚುಕ್ಕೆ ಇನ್ನೊಂದರಲ್ಲಿ ಎಷ್ಟು ಸರಿದಿದೆ ಎಂದು ಅಳೆದು ಪ್ರೊಸೆಸರ್ ದೂರವನ್ನು ಲೆಕ್ಕ ಹಾಕುತ್ತದೆ.

ಅದಕ್ಕೆ ಎರಡೂ ಚಿತ್ರಗಳಲ್ಲಿ ಅದೇ ಚುಕ್ಕೆ ಸಿಗಬೇಕು. ಸುಣ್ಣ ಬಳಿದ ಬೋಳು ಗೋಡೆಯಲ್ಲಿ ಗುರುತು ಹಿಡಿಯಲು ಏನೂ ಇಲ್ಲ. ಗಾಜು ಮತ್ತು ನೀರು ಪ್ರತಿಬಿಂಬ ತೋರಿಸಿ ದಾರಿ ತಪ್ಪಿಸುತ್ತವೆ. ವಿದ್ಯುತ್ ತಂತಿಯಂತೂ ಚಿತ್ರದಲ್ಲಿ ಕೂದಲೆಳೆಯಷ್ಟು ಸಣ್ಣದು. ಅಡ್ಡಲಾಗಿ ಎಳೆದಿದ್ದರೆ ಉದ್ದಕ್ಕೂ ಒಂದೇ ತೆರನಾಗಿರುವುದರಿಂದ ಯಾವ ಚುಕ್ಕೆಗೆ ಯಾವುದು ಜೋಡಿ ಎಂದು ತಿಳಿಯುವುದೇ ಕಷ್ಟ. ಬೆಳಕು ಕುಂದಿದಂತೆ ಈ ಲೆಕ್ಕವೂ ತಪ್ಪುತ್ತದೆ. 2024ರ ಡಿಜೆಐ ಏರ್ 3ಎಸ್ ತಾನೇ ಬೆಳಕು ಹಾಯಿಸಿ ದೂರ ಅಳೆಯುವ ಲೈಡಾರ್ ಹೊಂದಿದ್ದು, ಕತ್ತಲಲ್ಲಿ ನೆರವಾಗುತ್ತದೆ. ಆದರೆ ಅದು ಇರುವುದು ಮುಂಭಾಗದಲ್ಲಿ ಮಾತ್ರ.

ವೇಗದ ಪ್ರಶ್ನೆಯೂ ಇದೆ. ಗಂಟೆಗೆ 36 ಕಿ.ಮೀ. ವೇಗದಲ್ಲಿ ಹೋಗುವ ಡ್ರೋನ್ ಸೆಕೆಂಡಿಗೆ 10 ಮೀಟರ್ ಸಾಗುತ್ತದೆ. ಅಡ್ಡಿಯನ್ನು ಕಂಡು, ನಿರ್ಧರಿಸಿ, ನಿಲ್ಲುವುದೆಲ್ಲ ಅದನ್ನು ತಲುಪುವ ಮೊದಲೇ ಆಗಬೇಕು. ಡಿಜೆಐ ಡ್ರೋನ್‌ಗಳ ಸ್ಪೋರ್ಟ್ ಮೋಡ್‌ನಲ್ಲಂತೂ ಅಡ್ಡಿ ತಪ್ಪಿಸುವ ವ್ಯವಸ್ಥೆಯೇ ಕೆಲಸ ಮಾಡದು. ವೇಗ ಹೆಚ್ಚಿದಾಗ ರಕ್ಷಣೆಯೂ ಹೆಚ್ಚುತ್ತದೆ ಎಂದುಕೊಂಡವರಿಗೆ ಇದು ತಿಳಿಯುವುದು ಡ್ರೋನ್ ಬಿದ್ದ ಮೇಲೆ.

ನಮ್ಮ ದೇಶದ ನಿಯಮದಂತೆ 2 ಕೆ.ಜಿ.ವರೆಗಿನ ಡ್ರೋನನ್ನು ಹವ್ಯಾಸಕ್ಕಾಗಿ ಹಾರಿಸಲು ಪೈಲಟ್ ಪ್ರಮಾಣಪತ್ರ ಬೇಕಿಲ್ಲ. ತರಬೇತಿ ಕಡ್ಡಾಯವಲ್ಲದ ಕಡೆ ತಿಳಿವಳಿಕೆ ಕಡ್ಡಾಯವಾಗಬೇಕು. ಕೆಳಗೆ ಮದುವೆಯ ಜನ, ಆಡುವ ಮಕ್ಕಳು ಇರುತ್ತಾರೆ. ತಿರುಗುವ ರೆಕ್ಕೆ ಅವರನ್ನು ಗಾಯಗೊಳಿಸಬಲ್ಲದು. ಡಬ್ಬಿಯ ಮೇಲೆ ‘ಎಲ್ಲ ದಿಕ್ಕಿನ ರಕ್ಷಣೆ’ ಎಂದು ದೊಡ್ಡದಾಗಿ ಅಚ್ಚು ಹಾಕುವವರು ತಂತಿ, ಗಾಜು, ಮಂದ ಬೆಳಕುಗಳ ಎಚ್ಚರಿಕೆಯನ್ನೂ ಅಷ್ಟೇ ದೊಡ್ಡದಾಗಿ ಹಾಕಬೇಕು.

ಹಾರಿಸುವವರು ಮೊದಲು ಜಾಗವನ್ನು ನಡೆದು ನೋಡಲಿ. ಡ್ರೋನ್ ತಾನೇ ಹಿಂತಿರುಗುವಾಗ ಹಾರುವ ಎತ್ತರವನ್ನು ಸುತ್ತಲಿನ ಅತಿ ಎತ್ತರದ ತೆಂಗಿನ ಮರಕ್ಕಿಂತ ಮೇಲಕ್ಕೆ ಹೊಂದಿಸಲಿ. ತಂತಿಯನ್ನು ಹುಡುಕುವ ಬದಲು ಕಂಬ ಹುಡುಕಲಿ: ಎರಡು ಕಂಬ ಕಂಡರೆ ನಡುವೆ ತಂತಿ ಇದೆಯೆಂದೇ ಭಾವಿಸಿ ದೂರ ಉಳಿಯಲಿ. ಈ ಊಹೆ ಮನುಷ್ಯನಿಗೆ ಸುಲಭ. ದೂರವನ್ನಷ್ಟೇ ಅಳೆಯುವ ಯಂತ್ರಕ್ಕೆ ಅದನ್ನು ಬಿಟ್ಟುಕೊಡಬಾರದು.