ಡಿ ಡ್ರೈವ್‌ನಲ್ಲಿಟ್ಟ ಫೋಟೊ ನಿಜಕ್ಕೂ ಸುರಕ್ಷಿತವೇ?

“ಮುಖ್ಯವಾದ ಫೈಲುಗಳನ್ನು ಸಿ ಡ್ರೈವ್‌ನಲ್ಲಿ ಇಡಬೇಡಿ, ಡಿ ಡ್ರೈವ್‌ಗೆ ಹಾಕಿ. ಕಂಪ್ಯೂಟರ್ ಕೆಟ್ಟರೂ ಅವು ಹೋಗುವುದಿಲ್ಲ.” ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲೂ ವಾಟ್ಸಾಪ್ ಗುಂಪುಗಳಲ್ಲೂ ಕೇಳಿಬರುವ ಸಲಹೆ ಇದು. ಇದರಲ್ಲಿ ಅರ್ಧ ಮಾತ್ರ ನಿಜ. ಉಳಿದರ್ಧವನ್ನು ನಂಬಿ ಕೂತರೆ ಮದುವೆಯ ಫೋಟೊ, ಮಕ್ಕಳ ಅಂಕಪಟ್ಟಿ, ಜಮೀನಿನ ಪತ್ರಗಳ ಸ್ಕ್ಯಾನ್ ಎಲ್ಲವೂ ಒಂದೇ ದಿನದಲ್ಲಿ ಹೋಗಬಹುದು.

ಪಾರ್ಟಿಷನ್ ಎಂದರೇನು?

ಕಂಪ್ಯೂಟರ್ ಒಳಗಿನ ಡಿಸ್ಕ್ ಒಂದು ಮನೆ ಎಂದುಕೊಳ್ಳಿ. ಪಾರ್ಟಿಷನ್ ಎಂದರೆ ಆ ಮನೆಯೊಳಗೆ ಎಬ್ಬಿಸಿದ ಗೋಡೆ. ಸಿ ಒಂದು ಕೋಣೆ, ಡಿ ಇನ್ನೊಂದು ಕೋಣೆ. ಪರದೆಯ ಮೇಲೆ ಎರಡು ಡ್ರೈವ್ ಕಂಡರೂ ಹಲವು ಕಂಪ್ಯೂಟರ್‌ಗಳಲ್ಲಿ ಒಳಗಿರುವುದು ಒಂದೇ ಡಿಸ್ಕ್.

ಸಿ ಇಂದಲೇ ಯಾಕೆ ಶುರು? ಎ ಮತ್ತು ಬಿ ಅಕ್ಷರಗಳನ್ನು ಹಿಂದೆ ಫ್ಲಾಪಿಗಳಿಗೆ ಮೀಸಲಿಟ್ಟಿದ್ದರು. ಫ್ಲಾಪಿ ಹೋದರೂ ಅಕ್ಷರ ಉಳಿಯಿತು. ಸಿ, ಡಿ, ಇ, ಎಫ್ ಎಂದು ನಾಲ್ಕು ಭಾಗ ಮಾಡುವ ಅಭ್ಯಾಸವೂ ಹಾಗೆಯೇ ಬಂದದ್ದು. ವಿಂಡೋಸ್ 95ರ ಮೊದಲ ಆವೃತ್ತಿಯಲ್ಲಿ ಒಂದು ಪಾರ್ಟಿಷನ್ 2 ಜಿಬಿಗಿಂತ ದೊಡ್ಡದಿರುವಂತಿರಲಿಲ್ಲ. 6 ಜಿಬಿ ಡಿಸ್ಕ್ ಪೂರ್ತಿ ಬಳಸಬೇಕಾದರೆ ಕನಿಷ್ಠ ಮೂರು ಭಾಗ ಮಾಡಲೇಬೇಕಿತ್ತು. ಇವತ್ತು ಆ ಮಿತಿ ಇಲ್ಲ, ಅಭ್ಯಾಸ ಮಾತ್ರ ಮುಂದುವರಿದಿದೆ.

ಅರ್ಧ ನಿಜ ಯಾವುದು?

ವಿಂಡೋಸ್ ಕೆಟ್ಟು ಹೊಸದಾಗಿ ಹಾಕುವಾಗ ಸಾಮಾನ್ಯವಾಗಿ ಸಿ ಡ್ರೈವ್ ಒಂದನ್ನೇ ಅಳಿಸುತ್ತಾರೆ. ಆಗ ಡಿ ಯಲ್ಲಿರುವ ಫೈಲುಗಳು ಉಳಿಯುತ್ತವೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತ ಮೇಲೆ ಹೊಸ ಆವೃತ್ತಿ ಹಾಕಿಸುವವರಿಗೆ ಇದು ಉಪಯೋಗದ ಮಾತೇ. ವಿಂಡೋಸ್ ಜೊತೆಗೆ ಲಿನಕ್ಸ್ ಬಳಸುವವರಿಗೂ ಬೇರೆ ಪಾರ್ಟಿಷನ್ ಬೇಕಾಗುತ್ತದೆ.

ಆದರೆ ಒಂದು ವಿಷಯ ಗಮನಿಸಿ. ಡಿ ಡ್ರೈವ್ ಇದ್ದರೂ ಡೆಸ್ಕ್‌ಟಾಪ್, ಡೌನ್‌ಲೋಡ್ಸ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರ್‌ಗಳು ತಾವಾಗಿಯೇ ಇರುವುದು ಸಿ ಯಲ್ಲಿ. ನೀವು ಸ್ಥಳ ಬದಲಿಸದಿದ್ದರೆ ಸಿ ಅಳಿಸಿದಾಗ ಅವೂ ಹೋಗುತ್ತವೆ. ಅಂಗಡಿಗೆ ಕೊಡುವ ಮೊದಲು ಈ ನಾಲ್ಕನ್ನೂ ತೆರೆದು ನೋಡಿ.

ಸುಳ್ಳು ಯಾವುದು?

ಡಿಸ್ಕ್ ಸುಟ್ಟರೆ ಸಿ, ಡಿ ಎರಡೂ ಒಟ್ಟಿಗೆ ಹೋಗುತ್ತವೆ. ಲ್ಯಾಪ್‌ಟಾಪ್ ಕಳುವಾದರೂ ಅಷ್ಟೇ. ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ರಾನ್ಸಮ್‌ವೇರ್ ಕೂಡ ಸಿ ಗೆ ನಿಲ್ಲುವುದಿಲ್ಲ. ಕೈಗೆ ಸಿಕ್ಕ ಎಲ್ಲ ಡ್ರೈವ್‌ಗಳಿಗೂ, ಚುಚ್ಚಿಟ್ಟ ಪೆನ್‌ಡ್ರೈವ್‌ಗೂ ನುಗ್ಗುತ್ತದೆ.

ನಂಜನಗೂಡು, ತಿ. ನರಸೀಪುರದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2018 ಮತ್ತು 2019ರ ಆಗಸ್ಟ್‌ನಲ್ಲಿ ಕಬಿನಿ ಜಲಾಶಯದಿಂದ ಭಾರಿ ನೀರು ಬಿಟ್ಟಾಗ ನಂಜನಗೂಡಿನ ತಗ್ಗಿನ ಬೀದಿಗಳಿಗೆ ಕಪಿಲೆ ನುಗ್ಗಿದ್ದಳು. ಮಲ್ಲನಮೂಲೆ ಮಠದ ಬಳಿ ಮೈಸೂರು ರಸ್ತೆ ಮುಳುಗಿತ್ತು. ನೀರು ಮನೆಯೊಳಗೆ ಬಂದಾಗ ನಡುಮನೆ, ಅಡುಗೆಮನೆ ಎಂದು ನೋಡುವುದಿಲ್ಲ. ಮೇಜಿನ ಕೆಳಗಿಟ್ಟ ಕಂಪ್ಯೂಟರ್ ಒಳಗಿನ ಸಿ, ಡಿ ಗಳನ್ನೂ ನೋಡುವುದಿಲ್ಲ. 2019ರ ಫೆಬ್ರವರಿಯಲ್ಲಿ ತಿರುಮಕೂಡಲಿನ ಕುಂಭಮೇಳಕ್ಕೆ ಹೋಗಿ ತೆಗೆದ ಫೋಟೊಗಳನ್ನು ಆರು ತಿಂಗಳ ನಂತರದ ಪ್ರವಾಹದಿಂದ ಉಳಿಸಲು ಡಿ ಡ್ರೈವ್‌ಗೆ ಸಾಧ್ಯವಿರಲಿಲ್ಲ. ಬೇರೆಡೆ ಇಟ್ಟ ಇನ್ನೊಂದು ಪ್ರತಿಯಿಂದ ಮಾತ್ರ ಅದು ಸಾಧ್ಯ.

ಆ ಪ್ರತಿ ಎಲ್ಲಿರಬೇಕು ಎಂಬುದೂ ಮುಖ್ಯ. ನಂಜನಗೂಡು ದಾಟಿದ ಕಪಿಲೆ ತಿ. ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತಾಳೆ. ಎರಡೂ ಊರಿನ ಹೊಳೆದಂಡೆಯ ಮನೆಗಳಲ್ಲಿ ಒಂದೊಂದು ಪ್ರತಿ ಇಟ್ಟರೆ ಒಂದೇ ನೀರಿಗೆ ಎರಡನ್ನೂ ಒಡ್ಡಿದಂತೆ. ಎತ್ತರದ ಬಡಾವಣೆಯಲ್ಲೋ ಮೈಸೂರಿನಲ್ಲೋ ಇರುವ ನೆಂಟರ ಮನೆ ವಾಸಿ.

ಹಾಗಾದರೆ ಎಷ್ಟು ಭಾಗ ಮಾಡಬೇಕು?

256 ಜಿಬಿ ಎಸ್‌ಎಸ್‌ಡಿ ಇದ್ದರೆ ಭಾಗ ಮಾಡದಿರುವುದೇ ಒಳ್ಳೆಯದು. ಭಾಗ ಮಾಡಿದರೆ ಸಿ ತುಂಬಿ ಅಪ್‌ಡೇಟ್ ನಿಲ್ಲುತ್ತದೆ, ಪಕ್ಕದ ಡಿ ಖಾಲಿ ಬಿದ್ದಿರುತ್ತದೆ. ವಿಂಡೋಸ್ 11ಕ್ಕೆ ಕನಿಷ್ಠ 64 ಜಿಬಿ ಜಾಗ ಬೇಕು ಎನ್ನುವುದು ಕಂಪನಿಯ ನಿಯಮ. ನಿತ್ಯದ ಬಳಕೆಗೆ ಅದು ಸಾಲದು.

512 ಜಿಬಿ ಅಥವಾ 1 ಟಿಬಿ ಇದ್ದರೆ ಎರಡು ಭಾಗ ಸಾಕು. ಸಿ ಗೆ 200 ಜಿಬಿಯಾದರೂ ಕೊಡಿ, ಉಳಿದದ್ದು ಡಿ ಗೆ. ಎಸ್‌ಎಸ್‌ಡಿ, ಹಾರ್ಡ್ ಡಿಸ್ಕ್ ಎರಡೂ ಇದ್ದರೆ ವಿಂಡೋಸ್ ಎಸ್‌ಎಸ್‌ಡಿಯಲ್ಲಿ, ದೊಡ್ಡ ಫೈಲುಗಳು ಹಾರ್ಡ್ ಡಿಸ್ಕ್‌ನಲ್ಲಿ ಇರಲಿ.

“ಹೆಚ್ಚು ಪಾರ್ಟಿಷನ್ ಮಾಡಿದರೆ ಕಂಪ್ಯೂಟರ್ ವೇಗವಾಗುತ್ತದೆ” ಎಂಬ ಮಾತೂ ಇದೆ. ತಿರುಗುವ ಹಾರ್ಡ್ ಡಿಸ್ಕ್‌ನ ಹೊರಅಂಚು ಒಳಭಾಗಕ್ಕಿಂತ ವೇಗ ಎನ್ನುವುದು ನಿಜ, ಆ ಮಾತು ಬಂದದ್ದು ಅಲ್ಲಿಂದ. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ಅಲ್ಲಿ ಈ ಲಾಭವೂ ಇಲ್ಲ.

ಪಾರ್ಟಿಷನ್ ಬದಲಿಸುವ ಮುನ್ನ

1. ಮೊದಲು ಎಲ್ಲ ಫೈಲುಗಳ ಪ್ರತಿ ತೆಗೆಯಿರಿ. ಗಾತ್ರ ಬದಲಿಸುವಾಗ ಕೆಲಸ ಅರ್ಧಕ್ಕೆ ನಿಂತರೆ ಫೈಲುಗಳು ಹಾಳಾಗಬಹುದು.

2. ಕರೆಂಟ್ ಹೋಗುವ ಹೊತ್ತಿನಲ್ಲಿ ಈ ಕೆಲಸ ಬೇಡ. ಡೆಸ್ಕ್‌ಟಾಪ್‌ಗೆ ಯುಪಿಎಸ್ ಇರಲಿ, ಲ್ಯಾಪ್‌ಟಾಪ್ ಪೂರ್ತಿ ಚಾರ್ಜ್ ಆಗಿರಲಿ.

3. ಹಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಬಿಟ್‌ಲಾಕರ್ ಎಂಬ ಬೀಗ ತಾನಾಗಿಯೇ ಬಿದ್ದಿರುತ್ತದೆ. ಅದರ ರಿಕವರಿ ಕೀಯನ್ನು ಮೈಕ್ರೋಸಾಫ್ಟ್ ಖಾತೆಯಲ್ಲಿ ನೋಡಿ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಅದಿಲ್ಲದೆ ಬೀಗ ಬಿದ್ದರೆ ಅಂಗಡಿಯವರೂ ತೆಗೆಯಲಾರರು.

4. ಹೆಸರಿಲ್ಲದ ಸಣ್ಣ ಪಾರ್ಟಿಷನ್‌ಗಳು ಕಂಡರೆ ಜಾಗ ಉಳಿಸಲೆಂದು ಅಳಿಸಬೇಡಿ. ಕಂಪ್ಯೂಟರ್ ಶುರುವಾಗಲು, ಕೆಟ್ಟಾಗ ಸರಿಪಡಿಸಲು ಬೇಕಾದ ಭಾಗಗಳು ಅವು.

ಪ್ರತಿ ಇಡುವುದು ಹೇಗೆ?

ಹೊರಗಿನಿಂದ ಚುಚ್ಚುವ ಒಂದು ಹಾರ್ಡ್ ಡಿಸ್ಕ್ ಕೊಳ್ಳಿ. ತಿಂಗಳಿಗೊಮ್ಮೆ ಫೈಲುಗಳನ್ನು ಅದಕ್ಕೆ ಹಾಕಿ, ಕೆಲಸ ಮುಗಿದ ಕೂಡಲೇ ತೆಗೆದಿಡಿ. ಮಳೆಗಾಲಕ್ಕೆ ಮುಂಚೆ ಅದನ್ನು ಬೇರೆ ಮನೆಗೆ ಕಳಿಸಿ. ತೀರಾ ಮುಖ್ಯವಾದ ದಾಖಲೆಗಳನ್ನು ಗೂಗಲ್ ಡ್ರೈವ್‌ನಂಥ ಕಡೆಯೂ ಇಡಬಹುದು. ವರ್ಷಕ್ಕೊಮ್ಮೆಯಾದರೂ ಆ ಪ್ರತಿಯಿಂದ ನಾಲ್ಕಾರು ಫೋಟೊ ತೆರೆದು ನೋಡಿ. ತೆರೆಯದ ಪ್ರತಿ ಇದ್ದೂ ಇಲ್ಲದಂತೆ.

ಒಟ್ಟಿನಲ್ಲಿ, ಡಿ ಡ್ರೈವ್ ವಿಂಡೋಸ್ ಕೆಟ್ಟಾಗ ಅನುಕೂಲಕ್ಕೆ ಬರುತ್ತದೆ, ಡಿಸ್ಕ್ ಕೆಟ್ಟಾಗ ಬರುವುದಿಲ್ಲ. ಆ ಸಲಹೆ ನಿಮ್ಮ ಗುಂಪಿಗೆ ಬಂದರೆ ಜೊತೆಗೆ ಒಂದು ಸಾಲು ಸೇರಿಸಿ ಕಳಿಸಿ: “ಇನ್ನೊಂದು ಪ್ರತಿ ಬೇರೆ ಡಿಸ್ಕ್‌ನಲ್ಲಿ, ಬೇರೆ ಮನೆಯಲ್ಲಿ ಇರಲಿ.”