ಗುಡಾರ ಹೊಲಿದ ದಂಪತಿಯ ಪಾಠ

ಬದಲಾವಣೆಯ ಕಾಲದಲ್ಲಿ ಗೆಲ್ಲಲು 'ನಿಮ್ಮನ್ನು ನೀವೇ ಮಾರಿಕೊಳ್ಳಿರಿ' ಎಂದು ಬೋಧಿಸುವ ವ್ಯಕ್ತಿತ್ವ ವಿಕಸನ ಶಿಬಿರಗಳಿಗೆ ಇಂದು ಕೊರತೆಯಿಲ್ಲ. ಮಾರಾಟದ ಜಾಣ್ಮೆಯನ್ನು ಕಲಿಯುವುದು ತಪ್ಪೆಂದು ನಾವು ಹೇಳುವುದಿಲ್ಲ. ಆದರೆ ಮಾರಬೇಕಾದುದು ಸರಕು, ಮನುಷ್ಯನಲ್ಲ. ವಸ್ತುವಿಗೆ ಬೆಲೆಯುಂಟು, ಮನುಷ್ಯನಿಗಿರುವುದು ಘನತೆ ಎಂದು ತತ್ತ್ವಜ್ಞಾನಿ ಕಾಂಟ್ 1785ರಲ್ಲಿಯೇ ವಿವೇಚಿಸಿದ್ದನು.

ಪ್ರೇಷಿತರ ಕಾರ್ಯಕಲಾಪಗಳ 18ನೆಯ ಅಧ್ಯಾಯದಲ್ಲಿ ಅಕ್ವಿಲ ಮತ್ತು ಪ್ರಿಸಿಲ್ಲ ದಂಪತಿಯನ್ನು ಕಾಣುತ್ತೇವೆ. ಚಕ್ರವರ್ತಿ ಕ್ಲಾಡಿಯಸನ ಆಜ್ಞೆಯಿಂದ ಅವರು ರೋಮ್ ನಗರವನ್ನು ತೊರೆಯಬೇಕಾಯಿತು. ಊರು ಹೋದರೂ ಗುಡಾರ ಮಾಡುವ ಕಸುಬು ಕೈಯಲ್ಲಿ ಉಳಿಯಿತು. ಕೊರಿಂಥದಲ್ಲಿ ಅದನ್ನೇ ನಡೆಸಿ, ಅದೇ ಕಸುಬಿನವರಾದ ಸಂತ ಪೌಲರನ್ನು ಮನೆಗೆ ಸೇರಿಸಿಕೊಂಡರು. ಮುಂದೆ ಅವರ ಮನೆಯಲ್ಲಿಯೇ ಧರ್ಮಸಭೆ ಕೂಡುವಂತಾಯಿತು.

2020ರ ಲಾಕ್‌ಡೌನಿನಲ್ಲಿ ಬಾಗಿಲು ಹಾಕಿದ ಸಣ್ಣ ಅಂಗಡಿಗಳಲ್ಲಿ ಕೆಲವು ಮತ್ತೆ ತೆರೆಯಲಿಲ್ಲ. ತೆರೆದವುಗಳಿಗೆ, ಮೊಬೈಲಿನಲ್ಲಿ ಹೇಳಿ ಸರಕನ್ನು ಮನೆಗೇ ತರಿಸಿಕೊಳ್ಳುವ ಹೊಸ ರೂಢಿಯ ಪೈಪೋಟಿ. ಆದರೆ ನಷ್ಟಕ್ಕಿಂತಲೂ ದೊಡ್ಡ ಅಪಾಯ, ನಷ್ಟವನ್ನು ಮುಚ್ಚಿಡುವುದು. ಸಾಲವನ್ನು ಮಡದಿಯಿಂದ ಬಚ್ಚಿಟ್ಟು, ನೆರೆಯವರ ಮುಂದೆ ಸಿರಿವಂತಿಕೆ ತೋರಲು ಮತ್ತೆ ಬಡ್ಡಿಗೆ ಹಣ ತರುವ ಯಜಮಾನನು ಒಂಟಿಯಾಗುತ್ತಾನೆ. ಪವಿತ್ರ ಬೈಬಲಿನಲ್ಲಿ ಅಕ್ವಿಲನ ಹೆಸರು ಎಲ್ಲಿಯೂ ಒಂಟಿಯಾಗಿ ಬಂದಿಲ್ಲ; ಪ್ರಿಸಿಲ್ಲಳ ಹೆಸರು ಸದಾ ಜೊತೆಗಿದೆ.

ಆದುದರಿಂದ ಪ್ರಿಯ ಕುಟುಂಬಗಳೇ, ಈ ವಾರ ಸಂಜೆಯ ಜಪಸರ ಪ್ರಾರ್ಥನೆ ಮುಗಿದ ಮೇಲೆ ಲೆಕ್ಕದ ಪುಸ್ತಕವನ್ನು ಎಲ್ಲರ ಮುಂದೆ ತೆರೆಯಿರಿ. ಯಾವ ಕಸುಬು ಕೈಯಲ್ಲಿದೆ, ಯಾವ ಖರ್ಚನ್ನು ಬಿಡಬೇಕು, ಯಾರ ನೆರವು ಕೇಳಬೇಕು ಎಂದು ಕೂಡಿ ಆಲೋಚಿಸಿರಿ. ಅಂಗಡಿಯನ್ನು ಮುಚ್ಚಬೇಕಾಗಿ ಬಂದರೂ ಮನೆಮಂದಿಯ ನಡುವಿನ ಮಾತು ಮುಚ್ಚದಿರಲಿ.