ಬಣ್ಣ ನೋಡಿ ಮುಂಗಡ ಕೊಡಬೇಡಿ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಹೈನುಗಾರ ಸಹೋದರಿಯರೇ, ಹಳೇ ಟ್ರ್ಯಾಕ್ಟರ್ ಕೊಳ್ಳುವ ಮಾತು ಬಂದಾಗ ‘ಅದು ಗಂಡಸರ ವ್ಯವಹಾರ’ ಎಂದು ದೂರ ಉಳಿಯಬೇಡಿ. ಎಷ್ಟೋ ಮನೆಗಳಲ್ಲಿ ಸಾಲದ ಕಂತು ಹೋಗುವುದು ಹಾಲಿನ ಬಟವಾಡೆಯಿಂದ. ಹಾಗಿರುವಾಗ ಮಾಡೆಲ್ ಗುರುತಿಸುವುದನ್ನು ನಾವೂ ಕಲಿಯಬೇಕು.

ಬಾನೆಟ್ ಮೇಲಿನ ಹೆಸರನ್ನು ನಂಬಬೇಡಿ. ಬಾನೆಟ್ಟನ್ನೇ ಬದಲಿಸಬಹುದು, ಹೊಸ ಬಣ್ಣ ಹೊಡೆಸಬಹುದು. ಮಾಡೆಲ್ ಸಂಖ್ಯೆಯ ಅರ್ಥವೂ ಎಲ್ಲ ಕಂಪನಿಗಳಲ್ಲಿ ಒಂದೇ ಅಲ್ಲ. ಎಚ್‌ಎಂಟಿ 2511 ಎಂದರೆ 25 ಅಶ್ವಶಕ್ತಿ, 3511 ಎಂದರೆ 35. ಮಹೀಂದ್ರ ಬಿ-275ರಲ್ಲಿ ಆ ಲೆಕ್ಕ ನಡೆಯದು.

ತಪ್ಪು ಮಾಡೆಲ್ ಕೊಂಡರೆ ತೊಂದರೆ ಶುರುವಾಗುವುದು ರಿಪೇರಿಯಲ್ಲಿ. 2511 ಮತ್ತು 3511 ಒಂದೇ ಕಂಪನಿಯವಾದರೂ ಎಂಜಿನ್ ಬೇರೆ ಬೇರೆ. ಎಚ್‌ಎಂಟಿ ಟ್ರ್ಯಾಕ್ಟರ್ ವಿಭಾಗವನ್ನು ಮುಚ್ಚಲು ಕೇಂದ್ರ ಸಂಪುಟ 2016ರಲ್ಲೇ ಒಪ್ಪಿತು. ಇಂಥ ಗಾಡಿಗೆ ಬಿಡಿಭಾಗ ಹುಡುಕುವಾಗ ಸರಿಯಾದ ಮಾಡೆಲ್ ಗೊತ್ತಿರಲೇಬೇಕು.

‘ಮೆಕ್ಯಾನಿಕ್ ನೋಡುತ್ತಾನೆ ಬಿಡು’ ಎನ್ನುವವರಿದ್ದಾರೆ. ಮೆಕ್ಯಾನಿಕ್ ಎಂಜಿನ್ ನೋಡಲಿ, ಕಾಗದವನ್ನು ನಾವು ನೋಡೋಣ. ಎಂಜಿನ್ ನಂಬರ್, ಚಾಸಿ ನಂಬರ್ ಎಲ್ಲಿವೆ ಎಂದು ಮಾರುವವರನ್ನೇ ಕೇಳಿ. ಧೂಳು, ಎಣ್ಣೆ ಒರೆಸಿ ಒಂದೊಂದೇ ಅಂಕಿ ಓದಿ, ಆರ್‌ಸಿ ಜೊತೆ ತಾಳೆ ಹಾಕಿ. ನಂಬರ್ ಉಜ್ಜಿದಂತೆ ಕಂಡರೆ ಎದ್ದು ಬನ್ನಿ. ಆರ್‌ಸಿಯಲ್ಲಿ ಮಾಡೆಲ್, ತಯಾರಾದ ವರ್ಷ ನೋಡಿ. ಬ್ಯಾಂಕಿನ ಸಾಲ ನಮೂದಾಗಿದ್ದರೆ ತೀರುವಳಿ ಪತ್ರ ಮತ್ತು ಫಾರಂ 35 ಕೇಳಿ.

ಡೇರಿಯಲ್ಲಿ ಫ್ಯಾಟ್, ಎಸ್‌ಎನ್‌ಎಫ್ ಅಂಕಿ ನೋಡಿಯೇ ಚೀಟಿ ಪಡೆಯುವವರು ನಾವು. ಲಕ್ಷಗಟ್ಟಲೆ ಕೊಡುವ ಕಡೆ ಅಂಕಿ ಓದಲು ಸಂಕೋಚ ಯಾಕೆ?